ಕೆಳಮನೆ ಬಜಾರಿ

ಟೆಲಿಫೋನಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳಿಗೆ ಅದಕ್ಕಿಂತ ಒಪ್ಪುವ ಹೆಸರು ಇನ್ನೊಂದು ಸಿಗುತ್ತಿರಲಿಲ್ಲ. ನಿವೃತ್ತಿಯಾಗಿ ಎಂಟು ವರ್ಷವಾಗಿತ್ತು. ನಾಲಿಗೆಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಅಂಗಡಿಯಲ್ಲಿ ನಿಂತು "ಟೀಪುಡಿ ಒಂದು-ಐದು-ಸೊನ್ನೆ ಗ್ರಾಂ ಕೊಡಿ" ಎನ್ನುವಳು. ಎದುರಿಗಿದ್ದವರು ಮಾತಿನ ನಡುವೆ ಯೋಚಿಸಲು ತುಸು ತಡೆದರೆ, "ಲೈನಲ್ಲಿದ್ದೀರಾ?" ಎಂದು ಕೇಳಿಬಿಡುವಳು. ಬೀದಿಯ ಮಕ್ಕಳು ಬೇಕೆಂದೇ ಅರ್ಧಕ್ಕೆ ಮಾತು ನಿಲ್ಲಿಸಿ ಆ ಪ್ರಶ್ನೆ ಕೇಳಿಸಿಕೊಂಡು ಓಡುತ್ತಿದ್ದರು. ಆಕೆಗೂ ಅದು ಗೊತ್ತಿತ್ತು. ಮಕ್ಕಳ ಸಂತೋಷಕ್ಕೆ ತನ್ನ ಗಂಟೇನು ಹೋಗುತ್ತದೆ ಎಂದು ಕೇಳುತ್ತಲೇ ಇದ್ದಳು.

ಗಂಡ ತೀರಿಕೊಂಡ ಮೇಲೆ ಆಕೆ ಇದ್ದದ್ದು ಮಗಳ ಮನೆಯಲ್ಲಿ, ಮೂರನೆಯ ಮಹಡಿಯಲ್ಲಿ. ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಅಳಿಯ ಲಿಫ್ಟ್ ರಿಪೇರಿಯವನು. ಊರಿನ ಲಿಫ್ಟುಗಳೆಲ್ಲ ಅವನ ಕೈಯಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದವು, ಅವನಿರುವ ಕಟ್ಟಡಕ್ಕೆ ಮಾತ್ರ ಲಿಫ್ಟೇ ಇರಲಿಲ್ಲ. "ವೈದ್ಯನ ಹೆಂಡ್ತಿಗೆ ಕೆಮ್ಮು ವಾಸಿಯಾಗಲ್ಲ ಅಂತಾರಲ್ಲ, ಹಾಗೆ" ಎಂದು ಟೆಲಿಫೋನಮ್ಮ ದಿನಕ್ಕೊಮ್ಮೆಯಾದರೂ ಎರಡನೆಯ ಮಹಡಿಯ ತಿರುವಿನಲ್ಲಿ ನಿಂತು ಸುಧಾರಿಸಿಕೊಳ್ಳುವಾಗ ಹೇಳುತ್ತಿದ್ದಳು. ಇವರಿಬ್ಬರಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷದ ಪುಟ್ಟಿ. ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಬರುವವರೆಗೆ ಅಜ್ಜಿ ಮೊಮ್ಮಗಳದೇ ರಾಜ್ಯ.

ಒಂದು ಮಂಗಳವಾರ ಪುಟ್ಟಿ ಶೂ ಬಿಚ್ಚುವುದಕ್ಕೂ ಪುರುಸೊತ್ತಿಲ್ಲದವಳಂತೆ ಸುದ್ದಿ ತಂದಳು. ಅವಳು ತಪ್ಪದೆ ನೋಡುವ ಕಾರ್ಟೂನೊಂದಿತ್ತು. ಒಂದೇ ಕಟ್ಟಡದಲ್ಲಿ ಬಾಡಿಗೆಗಿರುವ ಪ್ರಾಣಿಗಳ ಕಥೆ. ಗೇಟಿನಲ್ಲಿ ಕರಡಿ ಕಾವಲು, ಮೊದಲ ಮಹಡಿಯಲ್ಲಿ ಮೇಕೆ ದರ್ಜಿ, ಹೀಗೆ. ಬರುವ ಭಾನುವಾರ ಅದರಲ್ಲಿ ವಿಶೇಷ ಕಂತು. ದೇಶಕ್ಕೆಲ್ಲ ಗೊತ್ತಿದ್ದ ಆ ನಾಲ್ವರ ರಾಕ್ ತಂಡ ಕಟ್ಟಿ ನಲವತ್ತು ವರ್ಷ ಆಯಿತೆಂದು ಅವರ ಗೌರವಕ್ಕೆ ಮಾಡಿದ್ದಂತೆ. ನಾಲ್ಕು ಕಪ್ಪೆಗಳು ಗಿಟಾರು ಡ್ರಮ್ಮು ಹೊತ್ತುಕೊಂಡು ಬಂದು ಮೇಲ್ಮನೆ ಸೇರುತ್ತವಂತೆ. ಜಾಹೀರಾತಿನಲ್ಲಿ ತೋರಿಸಿದ್ದರಂತೆ.

"ಕೆಳಗಡೆ ಮನೇಲಿ ಯಾರಿರ್ತಾರೆ ಗೊತ್ತಾ?" ಎಂದಳು ಪುಟ್ಟಿ. "ಬಜಾರಿ ಅಜ್ಜಿ."

ಬಜಾರಿ ಎಂಬ ಮಾತಿಗೂ ಅಜ್ಜಿ ಎಂಬ ಮಾತಿಗೂ ನಡುವೆ ಮಗು ಉಸಿರು ತೆಗೆದುಕೊಳ್ಳಲಿಲ್ಲ. ಒಣಗಿದ ಬಟ್ಟೆ ಮಡಚುತ್ತಿದ್ದ ಟೆಲಿಫೋನಮ್ಮನ ಕೈ ಅಲ್ಲೇ ನಿಂತಿತು. ಅರ್ಧ ಮಡಚಿದ ಟವೆಲನ್ನು ಎದೆಗೆ ಒತ್ತಿಕೊಂಡು, ಯಾರು ಎಂದು ಮತ್ತೆ ಕೇಳಿದಳು.

"ಅದೇ, ಹಾಡಲ್ಲಿ ಬರ್ತಾಳಲ್ಲ, ಕೆಳಮನೆ ಬಜಾರಿ. ಯಾವ ಪ್ರಾಣಿ ಅಂತ ತೋರಿಸ್ಲಿಲ್ಲ. ಬರೀ ನೆರಳು, ಕೈಯಲ್ಲಿ ಪೊರಕೆ. ನಮ್ ಕ್ಲಾಸಲ್ಲಿ ಎಲ್ಲರೂ ಕತ್ತೆಕಿರುಬ ಅಂತಿದಾರೆ. ನಾನು ಮೊಸಳೆ ಅಂದಿದೀನಿ."

ಇಷ್ಟು ಹೇಳಿ ಪುಟ್ಟಿ ಆ ಹಾಡನ್ನೇ ಗುನುಗುತ್ತ ಬಚ್ಚಲಿಗೆ ಹೋದಳು. ಕೆಳಮನೆ ಬಜಾರಿ, ಹಗಲೆಲ್ಲ ಗೊರಕೆ; ಮೇಲ್ಮನೆ ಹಾಡಿಗೆ ತಾಳ ಹಾಕ್ತು ಪೊರಕೆ. ದೇಶದಲ್ಲಿ ಮಾತು ಬರುವ ಮಕ್ಕಳಿಗೆಲ್ಲ ಬರುವ ಹಾಡು. ಟೆಲಿಫೋನಮ್ಮ ಕುರ್ಚಿ ಎಳೆದುಕೊಂಡು ಕೂತಳು. ಆ ಬಜಾರಿ ಆಕೆಯೇ.

ನಲವತ್ತು ವರ್ಷದ ಹಿಂದೆ, ಆಕೆಗೆ ಇಪ್ಪತ್ತಾರು. ಕಿರಿದಾದ ಬೀದಿಯ ಒಂದು ಹಳೆಯ ಎರಡಂತಸ್ತಿನ ಮನೆಯ ಕೆಳಭಾಗದಲ್ಲಿ ಸಂಸಾರ: ಒಂದು ಕೋಣೆ, ಒಂದು ಅಡುಗೆಮನೆ, ನೇರ ಬೀದಿಗೆ ತೆರೆಯುವ ಹಸಿರು ಬಾಗಿಲು. ಗಂಡ ಲೇತ್ ಕಾರ್ಖಾನೆಯಲ್ಲಿ ಹಗಲು ಪಾಳಿ, ಆಕೆ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ. ಗಂಡ ಹೆಂಡತಿ ಮುಖ ನೋಡುತ್ತಿದ್ದದ್ದು ಬಾಗಿಲಲ್ಲಿ, ಒಂದೂವರೆ ವರ್ಷದ ಮಗಳನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುವಾಗ. "ನಮ್ಮದು ರಿಲೇ ಓಟದ ಸಂಸಾರ" ಎಂದು ಗಂಡ ನಗುತ್ತಿದ್ದ. ಬೆಳಗ್ಗೆ ಆಕೆ ಮಗುವನ್ನು ಆಡಿಸಿ, ತಿನ್ನಿಸಿ, ಹನ್ನೊಂದಕ್ಕೆ ಪಕ್ಕದ ಮನೆಯ ದೊಡ್ಡಮ್ಮನ ಮಡಿಲಿಗೆ ಹಾಕಿ ಬರುವಳು. ಮೂರು ಗಂಟೆಗೆ ದೊಡ್ಡಮ್ಮ ಮಗುವನ್ನು ವಾಪಸು ತರುವಳು. ಹನ್ನೊಂದರಿಂದ ಮೂರು, ಆ ನಾಲ್ಕು ಗಂಟೆಯೇ ಆಕೆಯ ಪಾಲಿನ ರಾತ್ರಿ.

ಹಾಗಿರುವಾಗ ಮೇಲ್ಮನೆಗೆ ನಾಲ್ವರು ಯುವಕರು ಬಂದು ಸೇರಿದರು. ಮೂವರಿಗೆ ಕೆಲಸವಿರಲಿಲ್ಲ. ಡ್ರಮ್ಮು ಬಾರಿಸುವವನು ಬೆಳಗ್ಗೆ ಮನೆಮನೆಗೆ ಪೇಪರು ಹಾಕಿ, ಇನ್ನೆಲ್ಲೋ ಗೋದಾಮು ಗುಡಿಸಿ, ಮನೆಗೆ ಬರುತ್ತಿದ್ದದ್ದು ಸರಿಯಾಗಿ ಹನ್ನೊಂದಕ್ಕೆ. ಅವನು ಬಂದೊಡನೆ ಶುರು.

ಆಕೆ ಮೊದಲ ವಾರವೇ ಮೆಟ್ಟಿಲು ಹತ್ತಿ ಹೋದಳು. ಅವರು ಮರ್ಯಾದೆಯಿಂದಲೇ ಮಾತಾಡಿದರು. ಇದ್ದ ಒಂದು ಕುರ್ಚಿಯನ್ನು ಒರೆಸಿ ಕೊಟ್ಟರು. ತಾನು ಎಕ್ಸ್‌ಚೇಂಜಿನಲ್ಲಿ ರಾತ್ರಿ ಕೆಲಸದವಳು, ಹಗಲು ಈ ನಾಲ್ಕು ಗಂಟೆ ಬಿಟ್ಟುಕೊಡಿ ಎಂದು ಕೇಳಿದಳು. ಡ್ರಮ್ಮಿನವನು, ಕಡ್ಡಿ ಪೈಲ್ವಾನನಂಥ ಎಲುಬಿನ ಹಂದರ, ತಲೆ ತಗ್ಗಿಸಿ "ಆಯ್ತು ಅಕ್ಕ" ಎಂದ. ಎರಡು ದಿನ ಡ್ರಮ್ಮಿನ ಮೇಲೆ ಕಂಬಳಿ ಹೊದಿಸಿ ಬಾರಿಸಿದರು. ಮೂರನೆಯ ದಿನ ಕಂಬಳಿ ಜಾರಿತು. ಮತ್ತೊಮ್ಮೆ ಹೋಗಿ ಹೇಳಿದಳು, ಮತ್ತೊಮ್ಮೆ ಆಯ್ತು ಅಕ್ಕ. ಆಮೇಲೆ ಪೊರಕೆ ಹಿಡಿದಳು. ಮಂಚದ ಮೇಲೆ ನಿಂತು ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟಿದರೆ ಸುಣ್ಣದ ಚಕ್ಕೆ ಕಣ್ಣಿಗೇ ಬೀಳುತ್ತಿತ್ತು. ಮೇಲಿನವರಿಗೆ ಅದೂ ಒಂದು ಆಟವಾಯಿತು. ಆಕೆ ಮೂರು ಸಲ ಕುಟ್ಟಿದರೆ ಅವರು ಮೂರು ಸಲ ಡ್ರಮ್ಮು ಬಾರಿಸಿ ಉತ್ತರ ಕೊಡುವರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನಾಲ್ಕು ತಿಂಗಳು ಹೀಗೆ ನಡೆಯಿತು. ಆಗಿನ ಎಕ್ಸ್‌ಚೇಂಜೆಂದರೆ ಉದ್ದನೆಯ ಹಲಗೆ. ಹಲಗೆಯ ತುಂಬ ತೂತು, ತೂತಿನ ಮೇಲೆ ಪುಟ್ಟ ದೀಪ. ದೀಪ ಹತ್ತಿದ ಕಡೆ ಒಂದು ವೈರು ಚುಚ್ಚಿ, ಯಾರು ಬೇಕೆಂದು ಕೇಳಿ, ಅದರ ಜೋಡಿ ವೈರನ್ನು ಅವರು ಹೇಳಿದ ಕಡೆ ಚುಚ್ಚಬೇಕು. ಮಾತು ಮುಗಿದ ಮೇಲೆ ಎರಡನ್ನೂ ಕೀಳಬೇಕು. ಎಚ್ಚರವಿದ್ದವರಿಗೆ ಅದು ಎಡಗೈ ಕೆಲಸ. ಒಂದು ದಿನ ಬೆಳಗಿನ ಐದೂವರೆಗೆ, ಪಾಳಿ ಮುಗಿಯಲು ಅರ್ಧ ಗಂಟೆ ಇದ್ದಾಗ, ಒಬ್ಬ ಹೆಂಗಸು ಬೇರೆ ಊರಿನ ಆಸ್ಪತ್ರೆ ಕೇಳಿದಳು. ಮೂರು ಎಕ್ಸ್‌ಚೇಂಜು ದಾಟಿಸಿ ಕಷ್ಟಪಟ್ಟು ಲೈನು ಸೇರಿಸಿಕೊಟ್ಟದ್ದಾಯಿತು. ಅಷ್ಟರಲ್ಲಿ ಕಣ್ಣಿಗೆ ಮಂಪರು ಕವಿಯಿತು. ಪಕ್ಕದ ಮುಗಿದ ಕಾಲಿನ ವೈರು ಕೀಳಲು ಹೋಗಿ ಆ ಹೆಂಗಸಿನ ವೈರು ಕಿತ್ತಳು.

ಮತ್ತೆ ಸೇರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಆಸ್ಪತ್ರೆಯವರ ಜೊತೆ ಒಂದು ಮಾತಾದ ಮೇಲೆ ಆ ಹೆಂಗಸು, "ಸಾಕಮ್ಮ, ಇನ್ನು ಬೇಡ, ಬಿಡಿ" ಎಂದು ಫೋನಿಟ್ಟಳು. ಆ ಇಪ್ಪತ್ತು ನಿಮಿಷದಲ್ಲಿ ಆಚೆ ತುದಿಯಲ್ಲಿ ಏನಾಯಿತೋ ಟೆಲಿಫೋನಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಮೇಲ್ವಿಚಾರಕಿ ಪುಸ್ತಕದಲ್ಲಿ ಬರೆದಳು, ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದಳು.

ಆಕೆ ಅಂದು ಮನೆಗೆ ಹೋಗಲಿಲ್ಲ. ನೆಟ್ಟಗೆ ಮನೆಯ ಓನರ್ ಬಳಿ ಹೋಗಿ, ಅವರಿರಬೇಕು ಇಲ್ಲ ನಾವಿರಬೇಕು ಎಂದಳು. ಮೂರನೆಯ ದಿನ ನಾಲ್ವರೂ ಡ್ರಮ್ಮು, ಚಾಪೆ, ಒಂದು ಕುರ್ಚಿ ಹೊತ್ತುಕೊಂಡು ಇಳಿದರು. ಕೊನೆಗೆ ಇಳಿದ ಡ್ರಮ್ಮಿನವನು ಹಸಿರು ಬಾಗಿಲ ಮುಂದೆ ನಿಂತು "ಬರ್ತೀವಿ ಅಕ್ಕ" ಎಂದ. ಆಕೆ ಉತ್ತರ ಕೊಡದೆ ಬಾಗಿಲು ಹಾಕಿಕೊಂಡಳು. ಅಂದು ಭಾನುವಾರ, ಮಗುವನ್ನು ಗಂಡನಿಗೆ ಒಪ್ಪಿಸಿ ಒಂಬತ್ತು ಗಂಟೆ ಕೊರಡಿನ ಹಾಗೆ ಮಲಗಿದಳು.

ಎರಡು ವರ್ಷಕ್ಕೆ ಆ ಹಾಡು ಬಂತು. ಆಕೆ ಅದನ್ನು ಮೊದಲು ಕೇಳಿದ್ದು ಎಕ್ಸ್‌ಚೇಂಜಿನ ಕ್ಯಾಂಟೀನಿನಲ್ಲಿ. ಸಹೋದ್ಯೋಗಿಯೊಬ್ಬಳು ಚಮಚದಿಂದ ಲೋಟಕ್ಕೆ ತಾಳ ಹಾಕುತ್ತ ಹಾಡಿದಳು: ಹಸಿರು ಬಾಗಿಲು, ಪೊರಕೆ, ಹಗಲು ಗೊರಕೆ. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬಾರದಲ್ಲ. ಆಮೇಲೆ ತಂಡ ಬೆಳೆಯಿತು, ಸಂದರ್ಶನಗಳು ಬಂದವು. ಆ ಮನೆಯಿಂದ ಹೊರಬಿದ್ದ ಮೇಲೆ ಮೂರು ವಾರ ಗ್ಯಾರೇಜಿನ ನೆಲದಲ್ಲಿ ಮಲಗಿದೆವು, ಡ್ರಮ್ಮಿನವನಿಗೆ ನ್ಯುಮೋನಿಯಾ ಆಗಿ ಬದುಕಿದ್ದೇ ಹೆಚ್ಚು ಎಂದು ಹಾಡುಗಾರ ಎಲ್ಲೋ ಹೇಳಿದ್ದು ಹತ್ತು ಪತ್ರಿಕೆಯಲ್ಲಿ ಬಂತು. ಅಂದಿನಿಂದ ಬಜಾರಿ ಬರೀ ನಗೆಯ ಮಾತಾಗಿ ಉಳಿಯಲಿಲ್ಲ. ಹುಡುಗರನ್ನು ಬೀದಿಗೆ ಹಾಕಿಸಿದವಳು ಅವಳೇ ಎಂದು ಜನ ನಿಜವಾಗಿ ಬಯ್ಯತೊಡಗಿದರು. ಆಕೆ ಗಂಡನಿಗೆ ಹೇಳಿ ಮನೆ ಬದಲಿಸಿದಳು. ಗಂಡನಿಗೆ ಮಾತ್ರ ಇದೆಲ್ಲ ಭಾರಿ ಹೆಮ್ಮೆ. ಊರಲ್ಲಿ ಎಷ್ಟು ಜನರ ಹೆಂಡತಿಯರ ಮೇಲೆ ಹಾಡಿದೆ ಎಂದು ಕೇಳುತ್ತಿದ್ದ. ಯಾರಿಗೂ ಹೇಳಕೂಡದೆಂದು ಆಕೆ ಅವನಿಂದ ಮಾತು ತೆಗೆದುಕೊಂಡಳು. ಇನ್ನು ಗೊತ್ತಿದ್ದದ್ದು ತಂಗಿಯೊಬ್ಬಳಿಗೆ.

ಆ ವಾರ ಟೆಲಿಫೋನಮ್ಮನಿಗೆ ಅನ್ನ ರುಚಿಸಲಿಲ್ಲ. ಬುಧವಾರ ಪುಟ್ಟಿಯನ್ನು, ಈ ಭಾನುವಾರ ಮೃಗಾಲಯಕ್ಕೆ ಹೋಗೋಣವೇ ಎಂದು ಪುಸಲಾಯಿಸಿ ನೋಡಿದಳು. ಕತ್ತೆಕಿರುಬ ಅಲ್ಲಿಗಿಂತ ಟಿವಿಯಲ್ಲೇ ಚೆನ್ನಾಗಿ ಕಾಣುತ್ತದೆ ಎಂದು ಪುಟ್ಟಿ ಒಪ್ಪಲಿಲ್ಲ. ಅಷ್ಟೇ ಅಲ್ಲ, ಮೂವರು ಗೆಳತಿಯರನ್ನೂ ಮನೆಗೆ ಕರೆದಿದ್ದಳು. ಗುರುವಾರ ಅಜ್ಜಿ ಟಿವಿಯ ಹಿಂದಿನ ವೈರನ್ನು ಸುಮ್ಮನೆ ಮುಟ್ಟಿ ನೋಡಿದಳು. ಮೂವತ್ತಮೂರು ವರ್ಷ ವೈರು ಕಿತ್ತ ಕೈ, ಇದೊಂದು ಲೆಕ್ಕವೇ. ಆದರೆ ಅಳಿಯನಿಗೆ ಸರಿಮಾಡಲು ಎರಡು ನಿಮಿಷ ಸಾಕೆಂದು ಗೊತ್ತಿತ್ತು. ಕೈಬಿಟ್ಟಳು.

ಶುಕ್ರವಾರ ತಂಗಿಯ ಬಳಿ ಹೋದಳು. ತಂಗಿಗೆ ಎರಡು ಬೀದಿಯಾಚೆ ಗುಂಡಿ, ಜಿಪ್ಪು, ದಾರ ಮಾರುವ ಅಂಗಡಿ. ಅಂಗಡಿಯೆಂದರೆ ಆನೆ ಅಡ್ಡ ನಿಂತರೆ ಮುಚ್ಚಿಹೋಗುವಷ್ಟು. ಗುಂಡಿಯ ಡಬ್ಬಿಗಳ ನಡುವೆ ಸ್ಟೂಲಿನ ಮೇಲೆ ಕೂತು ಅಕ್ಕ ಎಲ್ಲ ಹೇಳಿದಳು.

"ಒಂದು ಕಾರ್ಟೂನಿಗೆ ಇಷ್ಟು ಹೆದರ್ಕೊಳ್ತಾರಾ?" ಎಂದಳು ತಂಗಿ.

"ಕಾರ್ಟೂನಿಗಲ್ಲ ಕಣೆ. ಪುಟ್ಟಿ ನಗ್ತಾಳಲ್ಲ, ಅದಕ್ಕೆ. ಅವಳು ಬಿದ್ದುಬಿದ್ದು ನಗ್ತಾಳೆ, ನಾನು ಪಕ್ಕದಲ್ಲಿ ಕೂತಿರ್ತೀನಿ. ಇಷ್ಟು ದಿನ ಅದು ಬರೀ ಹಾಡು, ಮುಖ ಇರ್ಲಿಲ್ಲ. ಈಗ ಮುಖ ಬರುತ್ತೆ."

ತಂಗಿ ಸ್ವಲ್ಪ ಹೊತ್ತು ಗುಂಡಿಗಳನ್ನು ಬಣ್ಣಬಣ್ಣ ಬೇರೆಮಾಡುತ್ತ ಕೂತಳು. ಆಮೇಲೆ, ಎರಡೇ ದಾರಿ ಇರೋದು, ಭಾನುವಾರ ನನ್ನ ಮನೆಗೆ ಬಂದು ಅಡಗಿಕೊ, ಇಲ್ಲ ಶನಿವಾರವೇ ಮಗಳಿಗೆ ಹೇಳಿಬಿಡು ಎಂದಳು. ಅಡಗಿಕೊಳ್ಳುವುದಾದರೆ ಊಟ ನೀನೇ ತರಬೇಕು, ನನ್ನ ಗ್ಯಾಸ್ ಮುಗಿದಿದೆ ಎಂದೂ ಸೇರಿಸಿದಳು.

ಶನಿವಾರ ಸಂಜೆ ಮಗಳು ಅಡುಗೆಮನೆಯಲ್ಲಿ ಲೋಟ ಒರೆಸುತ್ತಿದ್ದಳು. ಕನ್ನಡಕದಂಗಡಿಯವಳಾದ್ದರಿಂದ ಲೋಟವನ್ನೂ ದೀಪಕ್ಕೆ ಹಿಡಿದು, ಗೀರು ಇದೆಯೇ ಎಂದು ನೋಡಿಯೇ ಇಡುವಳು. ಟೆಲಿಫೋನಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು ಒಂದೇ ಉಸಿರಿಗೆ, ಆ ಹಾಡಿನ ಬಜಾರಿ ನಾನೇ, ನಾಳೆ ಟಿವಿಯಲ್ಲಿ ಬರುವವಳು ನಾನೇ ಎಂದು ಹೇಳಿದಳು.

ಮಗಳು ಲೋಟ ಇಳಿಸದೆಯೇ "ಗೊತ್ತು" ಎಂದಳು.

"ಏನು ಗೊತ್ತು?"

"ನನ್ನ ಮದುವೆಗೆ ಮುಂಚೆ ಅಪ್ಪ ಹೇಳಿದ್ರು. ನಿಮ್ಮಮ್ಮ ಮಲಗಿದಾಗ ಸದ್ದು ಮಾಡ್ಬೇಡಿ, ಹಿಂದೆ ಸದ್ದು ಮಾಡಿದ ನಾಲ್ಕು ಜನ ಮನೆ ಬಿಟ್ಟು ಓಡಿಹೋಗಿ ದೊಡ್ಡ ಮನುಷ್ಯರಾಗಿಬಿಟ್ರು, ನನ್ನ ಅಳಿಯನಿಗೆ ಆ ಗತಿ ಬರಬಾರದು ಅಂತ."

"ಅಂದ್ರೆ ಅವನಿಗೂ ಗೊತ್ತಾ?"

"ನೀನು ಇಲ್ಲಿಗೆ ಬಂದ ಮೊದಲನೇ ವರ್ಷ, ನೀನು ಮಲಗಿದ್ರೆ ಅವರು ತುದಿಗಾಲಲ್ಲಿ ನಡೀತಿದ್ರಲ್ಲ, ಯಾಕೆ ಅಂದ್ಕೊಂಡಿದ್ದೆ?"

ಭಯಭಕ್ತಿ ಎಂದುಕೊಂಡಿದ್ದೆ ಎಂದಳು ಟೆಲಿಫೋನಮ್ಮ. ಮಗಳ ಮದುವೆಯಾದಾಗಿನಿಂದ ಹದಿನಾಲ್ಕು ವರ್ಷ ತನ್ನ ಗುಟ್ಟು ಒಣಹಾಕಿದ ಬಟ್ಟೆಯ ಹಾಗೆ ಎಲ್ಲರ ಕಣ್ಣ ಮುಂದೆಯೇ ನೇತಾಡುತ್ತಿತ್ತು, ಅದು ಕಾಣದಿದ್ದದ್ದು ತನಗೊಬ್ಬಳಿಗೇ ಎಂದು ತಿಳಿದಾಗ ಮೊದಲು ಸಿಟ್ಟು ಬಂತು, ಸತ್ತ ಗಂಡನ ಮೇಲೆ. ಆಮೇಲೆ ಸೊಂಟಕ್ಕೆ ಬಿಗಿದ ಹುರಿ ಬಿಚ್ಚಿದಂತಾಯಿತು. ಅದೇ ಸಡಿಲದಲ್ಲಿ, ಹೇಳಬೇಕೆಂದುಕೊಂಡಿರದ ಮಾತೂ ಹೊರಬಂತು. ಬೆಳಗಿನ ಐದೂವರೆಯ ದೀಪ, ಆಸ್ಪತ್ರೆ ಕೇಳಿದ ಹೆಂಗಸು, ಕಿತ್ತ ವೈರು, ಇಪ್ಪತ್ತು ನಿಮಿಷ. ಸಾಕಮ್ಮ, ಇನ್ನು ಬೇಡ.

ಮಗಳು ಕೈಯಲ್ಲಿದ್ದ ಬಟ್ಟೆಯನ್ನು ಸಿಂಕಿನ ಅಂಚಿಗೆ ಹಾಕಿದಳು. "ಇದನ್ನ ಅಪ್ಪ ಹೇಳಿರ್ಲಿಲ್ಲ."

"ಅವರಿಗೂ ನಾನು ಹೇಳಿರ್ಲಿಲ್ಲ."

ಮಗಳು ಚಹಾಕ್ಕೆ ನೀರಿಟ್ಟು, ಅಮ್ಮನಿಗೆ ಸ್ಟೂಲು ಎಳೆದುಕೊಟ್ಟು, ಆ ಹೆಂಗಸಿನ ದನಿ ನೆನಪಿದೆಯೇ ಎಂದು ಕೇಳಿದಳು. ನೆನಪಿದೆ ಎಂದಳು ಟೆಲಿಫೋನಮ್ಮ. ಎಷ್ಟು ದನಿ ಮರೆತರೂ ಅದೊಂದು ನೆನಪಿದೆ. ಆ ರಾತ್ರಿ ಆಕೆಗೆ ನಿದ್ದೆ ಚೆನ್ನಾಗಿಯೇ ಬಂತು. ಆದರೆ ಪುಟ್ಟಿಯ ಮಾತು ಇನ್ನೂ ಬಾಕಿ ಇತ್ತು.

ಭಾನುವಾರ ಹನ್ನೊಂದಕ್ಕೆ ನಾಲ್ವರು ಹುಡುಗಿಯರು ಟಿವಿ ಮುಂದೆ ಸಾಲಾಗಿ ಕೂತರು. ಅಳಿಯ ಗೋಡೆಗೆ ಒರಗಿದ. ಮಗಳು ಅಮ್ಮನ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತು, ಕಾಕತಾಳೀಯವೆಂಬಂತೆ ಅವಳ ಮೊಣಕಾಲಿಗೆ ಕೈ ಊರಿಕೊಂಡಳು.

ನಾಲ್ಕು ಕಪ್ಪೆಗಳು ಬಂದವು. ಅವುಗಳ ಕೂದಲು, ಅಂಗಿ, ಗಿಟಾರು ಹಿಡಿಯುವ ಭಂಗಿ ಎಲ್ಲ ಆ ನಾಲ್ವರದೇ. ಅಳಿಯ ಪ್ರತಿಯೊಂದನ್ನೂ ಗುರುತಿಸಿ ಮಕ್ಕಳಿಗೆ ವಿವರಿಸುತ್ತಿದ್ದ. ಈ ಟೋಪಿ ಎರಡನೇ ಆಲ್ಬಮ್ಮಿಂದು, ಈ ಒಡೆದ ಕನ್ನಡಕ ಸ್ಟೇಡಿಯಮ್ಮಿನ ಕಾರ್ಯಕ್ರಮದ್ದು. ಕಪ್ಪೆಗಳು ಬಾರಿಸತೊಡಗಿದವು. ಕಟ್ಟಡ ಅಲುಗಿತು, ಮೇಕೆ ದರ್ಜಿಯ ಸೂಜಿ ತಪ್ಪಿ ಕರಡಿಯ ಪ್ಯಾಂಟು ಕುರ್ಚಿಗೆ ಹೊಲಿದುಹೋಯಿತು. ಆಮೇಲೆ ಕೆಳಮನೆ. ಕತ್ತಲ ಕೋಣೆ, ಗೋಡೆಯ ಮೇಲೆ ನೆರಳು, ನೆರಳಿನ ಕೈಯಲ್ಲಿ ಪೊರಕೆ. ಡಬ್, ಡಬ್, ಡಬ್. ಟೆಲಿಫೋನಮ್ಮ ಕುರ್ಚಿಯ ಕೈ ಹಿಡಿದುಕೊಂಡಳು.

ಕಿಟಕಿಯ ಪರದೆ ಸರಿಯಿತು. ಅದು ಕತ್ತೆಕಿರುಬವಲ್ಲ, ಮೊಸಳೆಯೂ ಅಲ್ಲ. ಗೂಬೆ. ಕಣ್ಣಿನ ಕೆಳಗೆ ಕಪ್ಪು ಚೀಲ, ಕೆದರಿದ ಗರಿ, ಕೈಯಲ್ಲಿ ಪೊರಕೆ, ಬಗಲಲ್ಲಿ ಒಂದು ಪುಟ್ಟ ಮರಿ. ಮಕ್ಕಳು ನಕ್ಕರು. ಗೂಬೆ ಸೂರಿಗೆ ಎಷ್ಟು ಜೋರಾಗಿ ಕುಟ್ಟಿತೆಂದರೆ ಸೂರೇ ತೂತಾಗಿ, ನಾಲ್ಕೂ ಕಪ್ಪೆಗಳು ಅದರ ಮಂಚದ ಮೇಲೆ ಬಿದ್ದವು. ಮಕ್ಕಳು ಇನ್ನೂ ನಕ್ಕರು. ಟೆಲಿಫೋನಮ್ಮನಿಗೂ ತುಟಿ ಸಡಿಲವಾಯಿತು. ಸುಣ್ಣದ ಚಕ್ಕೆ ಬೀಳುತ್ತಿದ್ದದ್ದು ಸುಳ್ಳಲ್ಲವಲ್ಲ. ಮುಂದಿನ ದೃಶ್ಯದಲ್ಲಿ ಸಂಜೆ. ಗೂಬೆ ಮರಿಗೆ ಮುತ್ತಿಟ್ಟು, ಸ್ಕಾರ್ಫ್ ಕಟ್ಟಿಕೊಂಡು ಕೆಲಸಕ್ಕೆ ಹೊರಟಿತು. ಅದು ಹೋಗಿ ಕೂತದ್ದು ಉದ್ದನೆಯ ಹಲಗೆಯ ಮುಂದೆ. ಹಲಗೆಯ ತುಂಬ ತೂತು, ತೂತಿನ ಮೇಲೆ ಪುಟ್ಟ ದೀಪ. ಎರಡು ರೆಕ್ಕೆಯಲ್ಲೂ ವೈರು.

ಮಕ್ಕಳು ನಗುವುದನ್ನು ನಿಲ್ಲಿಸಿದರು. ಅದೇನು ಯಂತ್ರ ಎಂದು ಒಬ್ಬಳು ಕೇಳಿದಳು.

ಕಥೆ ಮುಂದೆ ಹೋಯಿತು. ಮನೆಯ ಓನರ್ ಒಬ್ಬ ನರಿ. ಮೇಲ್ಮನೆಯಲ್ಲಿ ಈಜುಕೊಳ ಕಟ್ಟಿಸುವ ಆಸೆಯಿಂದ ಅವನು ಕಪ್ಪೆಗಳನ್ನು ಹೊರಗೆ ಹಾಕಿದ. ಕಪ್ಪೆಗಳು ಗ್ಯಾರೇಜು ಸೇರಿದವು, ಡ್ರಮ್ಮಿನ ಕಪ್ಪೆಗೆ ಶೀತವಾಯಿತು. ಆಸ್ಪತ್ರೆಯ ಮಂಚದಿಂದ ಅದು ಫೋನೆತ್ತಿ ಅಮ್ಮನ ಕೊಳ ಬೇಕು ಎಂದಿತು. ಇತ್ತ ಗೂಬೆಯ ಕಿವಿ ನಿಮಿರಿತು, ದನಿ ಗುರುತು ಸಿಕ್ಕಿತ್ತು. ಲೈನು ಸೇರಿಸಿತು. ಮೇಲೆ ಗಡಿಯಾರ: ಒಂದು ನಿಮಿಷ, ಎರಡು, ಮೂರು. ಮೂರಾದೊಡನೆ ಲೈನು ಕೀಳಬೇಕೆಂದು ಗೋಡೆಯ ಮೇಲೆ ಬೋರ್ಡಿತ್ತು. ಗೂಬೆಯ ರೆಕ್ಕೆ ವೈರಿನವರೆಗೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ ಹೋಗಿ ಗಡಿಯಾರದ ಮುಖಕ್ಕೆ ತನ್ನ ಸ್ಕಾರ್ಫ್ ಹೊದಿಸಿ ಬಂತು.

ಟೆಲಿಫೋನಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಗಡಿಯಾರ, ಸ್ಕಾರ್ಫ್ ಎಲ್ಲ ಕಟ್ಟುಕಥೆ. ಆದರೆ ಆ ಕಾಲ್ ಕಟ್ಟುಕಥೆಯಲ್ಲ. ಆ ನಾಲ್ವರು ಮನೆ ಬಿಟ್ಟುಹೋದ ತಿಂಗಳಲ್ಲಿ ಆಕೆಗೆ ಕೆಲವು ವಾರ ಸಂಜೆ ಪಾಳಿ ಹಾಕಿದ್ದರು. ಒಂದು ಸಂಜೆ ಏಳರ ಹೊತ್ತಿಗೆ ಆಸ್ಪತ್ರೆಯ ವಾರ್ಡಿನಿಂದ ಕೆಮ್ಮುವ ದನಿಯೊಂದು ಯಾವುದೋ ಹಳ್ಳಿಯ ಅಂಚೆ ಕಚೇರಿ ಕೇಳಿತು. ಅಲ್ಲಿ ಅಮ್ಮ ಬಂದು ಕಾಯುತ್ತಿದ್ದಾರೆ ಎಂದಿತು. ದನಿ ಆಕೆಗೆ ತಿಳಿಯಿತು. ಯಾರು ಬೇಕೆಂದು ಕೇಳಿದ್ದು ಬಿಟ್ಟರೆ ಬೇರೇನೂ ಹೇಳದೆ ಲೈನು ಕೊಟ್ಟಳು. ಮೂರು ನಿಮಿಷಕ್ಕೆ ನಡುವೆ ಹೋಗಿ ಸಮಯ ಮುಗಿಯಿತು ಎನ್ನಬೇಕಿತ್ತು, ಅನ್ನಲಿಲ್ಲ. ಒಂಬತ್ತು ನಿಮಿಷ ಬಿಟ್ಟಳು. ತಾಯಿ ಮಗ ಮಾತಾಡಿದ್ದಾದರೂ ಏನು, ಕೋಳಿ ಎಷ್ಟು ಮೊಟ್ಟೆ ಇಟ್ಟಿತು, ಸೋರುವ ಮೂಲೆಗೆ ಹೆಂಚು ಹಾಕಿಸಿದೆಯಾ. ಕೊನೆಗೆ ತಾಯಿ ಫೋನಿಟ್ಟ ಮೇಲೆ ಅವನು ಖಾಲಿ ಲೈನಿನಲ್ಲಿ "ಥ್ಯಾಂಕ್ಸ್ ಅಕ್ಕ" ಎಂದಿದ್ದ. ಎಲ್ಲ ಆಪರೇಟರಿಗೂ ಅಕ್ಕ ಅನ್ನುವವನಿರಬೇಕು ಎಂದು ಆಕೆ ವೈರು ಕಿತ್ತಿದ್ದಳು. ಹಾಡು ಬಂದ ಮೇಲಂತೂ ಅದನ್ನು ನೆನೆಯಲೂ ಹೋಗಿರಲಿಲ್ಲ.

ಅವನಿಗೂ ಆಕೆಯ ದನಿ ಗೊತ್ತಾಗಿತ್ತು. ಅಷ್ಟು ವರ್ಷ ನೆನಪಿಟ್ಟುಕೊಂಡು ಈ ಚಿತ್ರ ಬರೆಯುವವರಿಗೆ ಹೇಳಿದ್ದ. ಬೇರೆ ಯಾರಿಗೂ ಅದು ಗೊತ್ತಿರಲು ಸಾಧ್ಯವಿರಲಿಲ್ಲ.

ಕಂತು ಮುಗಿದಾಗ ಕಪ್ಪೆಗಳು ಎಲ್ಲೋ ದೂರದ ಬಯಲಿನಲ್ಲಿ ಬಾರಿಸುತ್ತಿದ್ದವು, ಗೂಬೆ ಬಿಸಿಲಿನಲ್ಲಿ ಮರಿಯನ್ನು ತಬ್ಬಿಕೊಂಡು ಗೊರಕೆ ಹೊಡೆಯುತ್ತಿತ್ತು. ಹೆಸರುಗಳು ಮೇಲೇರಿದ ಮೇಲೆ ಕಪ್ಪು ಪರದೆಯಲ್ಲಿ ಒಂದು ಸಾಲು ಬಂತು: ಕೆಳಮನೆಯ ಅಕ್ಕನಿಗೆ, ನಾಲ್ವರಿಂದ.

"ಪಾಪ ಗೂಬೆ" ಎಂದಳು ಪುಟ್ಟಿ. "ರಾತ್ರಿಯೆಲ್ಲ ಕೆಲಸ ಮಾಡಿ ಹಗಲೂ ನಿದ್ದೆ ಇಲ್ಲ ಅಂದ್ರೆ ನಾನಾದ್ರೂ ಪೊರಕೆ ತಗೋತಿದ್ದೆ." ಅಷ್ಟಕ್ಕೆ ಅವರ ಪಾಲಿಗೆ ವಿಷಯ ಮುಗಿಯಿತು. ನಾಲ್ವರೂ ಬಿಸ್ಕತ್ತಿನ ತಟ್ಟೆಗೆ ಕೈ ಹಾಕಿದರು.

ಟೆಲಿಫೋನಮ್ಮ ಮಗಳನ್ನು ನೋಡಿದಳು. ಅಳಿಯ ಚಾವಣಿ ನೋಡಿದ. "ಪುಟ್ಟಿ, ಆ ಗೂಬೆ ನಾನೇ" ಎಂದಳು ಆಕೆ.

ಪುಟ್ಟಿ ಬಿಸ್ಕತ್ತು ಕಚ್ಚಿದವಳು ಅಗಿಯುವುದನ್ನು ಬಿಟ್ಟಳು. ಸುಳ್ಳು ಎಂದಳು. ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಇಬ್ಬರೂ ತಲೆಯಾಡಿಸಿದರು. ಆಮೇಲೆ ಪ್ರಶ್ನೆಗಳ ಸುರಿಮಳೆ. ಪೊರಕೆ ನಿಜವೇ? ನಿಜ. ಕಪ್ಪೆ ಮಂಚದ ಮೇಲೆ ಬಿದ್ದದ್ದು? ಇಲ್ಲ, ಬರೀ ಸುಣ್ಣ. ಅಮ್ಮನೇ ಆ ಮರಿಯೇ? ಹೌದು. ಮಗಳು ಇದಕ್ಕೆ, ಕೊಕ್ಕು ಸ್ವಲ್ಪ ಚಿಕ್ಕದು ಮಾಡಬಹುದಿತ್ತು ಎಂದಳು.

"ನರಿ ತುಂಬಾ ಕೆಟ್ಟವನಾ?"

ಇಲ್ಲಿ ಟೆಲಿಫೋನಮ್ಮ ತುಸು ತಡೆದಳು. ಹೂಂ ಅಂದುಬಿಟ್ಟಿದ್ದರೆ ಯಾರು ಕೇಳುವವರು. "ಇಲ್ಲ ಪುಟ್ಟಿ, ನರಿ ಏನೂ ಮಾಡ್ಲಿಲ್ಲ. ಅವರಿಂದ ಮನೆ ಬಿಡಿಸಿ ಅಂತ ಹೋಗಿ ಹೇಳಿದ್ದು ನಾನೇ."

ಪುಟ್ಟಿ ಬಹಳ ಹೊತ್ತು ಯೋಚಿಸಿದಳು. ಎಷ್ಟು ಹೊತ್ತೆಂದರೆ ಟೆಲಿಫೋನಮ್ಮ ಅಭ್ಯಾಸಬಲದಿಂದ ಲೈನಲ್ಲಿದ್ದೀಯಾ ಎಂದು ಕೇಳುವುದರಲ್ಲಿದ್ದಳು.

"ಆಮೇಲೆ ಅವರ ಹತ್ರ ಸಾರಿ ಕೇಳಿದ್ರಾ?"

"ಇಲ್ಲ."

"ಅವರು ಹಾಡು ಕಟ್ಟಿದ್ದಕ್ಕೆ ನಿಮ್ಮ ಹತ್ರ ಕೇಳಿದ್ರಾ?"

"ಇವತ್ತು ಕೇಳಿದ ಹಾಗಾಯ್ತಲ್ಲ."

"ಹಾಗಾದ್ರೆ ಈಗ ನಿಮ್ಮ ಸರದಿ" ಎಂದಳು ಪುಟ್ಟಿ, ಹಾವು ಏಣಿ ಆಟದಲ್ಲಿ ಹೇಳುವ ಹಾಗೆ, ಮತ್ತೆ ಬಿಸ್ಕತ್ತಿಗೆ ತಿರುಗಿದಳು.

ಮಧ್ಯಾಹ್ನ ತಂಗಿ ಫೋನು ಮಾಡಿದಳು. ಅವಳೂ ನೋಡಿದ್ದಳು. ಹೇಗನ್ನಿಸಿತು ಎಂದು ಕೇಳಿದಳು.

"ಎಲ್ಲಿ ನನ್ನ ತಲೆ ಮೇಲೆ ಗೂಬೆ ಕೂರಿಸ್ತಾರೋ ಅಂತ ಹೆದರಿದ್ದೆ ಕಣೆ" ಎಂದಳು ಟೆಲಿಫೋನಮ್ಮ. "ನನ್ನನ್ನೇ ಗೂಬೆ ಮಾಡಿ ಕೂರಿಸಿದ್ರು."

ಆಚೆ ತುದಿಯಲ್ಲಿ ತಂಗಿಯ ನಗು ಶುರುವಾದದ್ದು ನಿಲ್ಲಲೇ ಇಲ್ಲ. ಅಕ್ಕನಿಗೂ ಅಂಟಿಕೊಂಡಿತು. ಕಣ್ಣೊರೆಸಿಕೊಳ್ಳುತ್ತ ನಗುವ ಅಮ್ಮನನ್ನು ಮಗಳು ಅಡುಗೆಮನೆಯಿಂದ ಇಣುಕಿ ನೋಡಿ ಹೋದಳು.

ಸೋಮವಾರ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಆಕೆ ಟಿವಿಯವರ ವಿಳಾಸಕ್ಕೆ ಪತ್ರ ಬರೆಯಲು ಕೂತಳು. ಮೂರು ಹಾಳೆ ಹರಿದಳು. ಫೋನಿನಲ್ಲಿ ಜನ್ಮ ಕಳೆದವಳಿಗೆ ಕಾಗದದ ಮೇಲೆ ಮಾತು ಬೇಗ ಹುಟ್ಟಲಿಲ್ಲ. ಕೊನೆಗೆ ಉಳಿದದ್ದು ಇಷ್ಟು. ಓನರ್ ಪಾಪದವರು, ಅವರ ತಪ್ಪಿಲ್ಲ, ನಾನೇ ಹೇಳಿದ್ದು. ಹೇಳಲು ಕಾರಣವಿತ್ತು, ಆದರೂ ನೀವು ಗ್ಯಾರೇಜಿನಲ್ಲಿ ಮಲಗಿದ್ದು ಓದಿ ಸಂಕಟವಾಯಿತು. ಬರ್ತೀವಿ ಅಂದಾಗ ಉತ್ತರ ಕೊಡಬೇಕಿತ್ತು. ಡ್ರಮ್ಮು ಬಾರಿಸುವವರಿಗೆ ಈಗ ಕೆಮ್ಮು ಪೂರ್ತಿ ವಾಸಿಯಾಗಿದೆಯೇ?

ಮಡಚಿ, ಲಕೋಟೆಗೆ ಹಾಕಿ, ಅಂಟು ಹಚ್ಚಿದಳು. ಹಿಂಬದಿಯಲ್ಲಿ ಕಳಿಸಿದವರ ವಿಳಾಸಕ್ಕೆ ಗೆರೆ ಎಳೆದಿತ್ತು. ಅಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಆಮೇಲೆ ತನ್ನ ಹೆಸರು, ಮೂರನೆಯ ಮಹಡಿ, ಮನೆ ನಂಬರು, ಬೀದಿ, ಒಂದೂ ಬಿಡದೆ ದುಂಡಗೆ ಬರೆದಳು. ಪುಟ್ಟಿ ಶಾಲೆಯಿಂದ ಬರಲು ಇನ್ನೂ ಒಂದು ಗಂಟೆ ಇತ್ತು. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋಗಿ, ಬೀದಿಯ ಕೊನೆಯ ಅಂಚೆಪೆಟ್ಟಿಗೆಗೆ ಹಾಕಿ, ಅದು ತಳ ಮುಟ್ಟಿದ ಸದ್ದು ಕೇಳಿಸಿಕೊಂಡು ಬಂದಳು.